ಅಪ್‌ಡೇಟ್: ಪರದೇಶದಲ್ಲಿ ಮನೆಗೆಲಸಕ್ಕೆ ಕೊನೆಗೂ ಒಬ್ಬರು ಸಿಕ್ಕರು

ಪರದೇಶದಲ್ಲಿರುವ ನಮಗೆ ಮನೆಗೆಲಸಕ್ಕೂ ಮಗುವನ್ನು ನೋಡಿಕೊಳ್ಳುವುದಕ್ಕೂ ನಂಬಿಕಸ್ಥರು ಸಿಗುವುದು ಹೇಗೆ ಎಂದು ಕಳೆದ ತಿಂಗಳು ಕೇಳಿದ್ದೆ. ಈಗ ಒಬ್ಬರು ಸಿಕ್ಕಿದ್ದಾರೆ. ಸಲಹೆ ಕೊಟ್ಟ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು.

ಏಜೆನ್ಸಿಯಿಂದ ಪ್ರಯೋಜನವಾಗಲಿಲ್ಲ. ಮೂವರ ವಿವರ ಕಳುಹಿಸಿದರಾದರೂ, ಅವರ ಹಿಂದಿನ ಮಾಲೀಕರೊಂದಿಗೆ ಮಾತನಾಡಲು ಅವಕಾಶ ಕೊಡಲಿಲ್ಲ. ಫಲಿಸಿದ್ದು, ದೇಶ ಬಿಟ್ಟು ಹೊರಟಿರುವ ಕುಟುಂಬಗಳನ್ನು ವಿಚಾರಿಸಿ ಎಂಬ ಸಲಹೆ: ಅಂಥ ಒಂದು ಮನೆಯವರು, ತಮ್ಮಲ್ಲಿ ನಾಲ್ಕು ವರ್ಷ ದುಡಿದ ಮಹಿಳೆಗೆ ಒಳ್ಳೆಯ ಮನೆ ಸಿಗಲೆಂದು ತಾವೇ ಕಾಳಜಿಯಿಂದ ಹುಡುಕುತ್ತಿದ್ದರು.

ಒಂದು ವಾರ ಕೆಲಸ ಮಾಡಿಸಿ ನೋಡಿ ಎಂಬ ಸಲಹೆ ನಮಗೆ ಹೊಂದಲಿಲ್ಲ. ಆ ಮಹಿಳೆಯ ಕೆಲಸದ ಪರವಾನಗಿಯಲ್ಲಿ ಮಾಲೀಕರ ಹೆಸರೇ ನಮೂದಾಗಿರುವುದರಿಂದ, ಅದು ನಮ್ಮ ಹೆಸರಿಗೆ ವರ್ಗವಾಗುವ ಮೊದಲು ಒಂದು ದಿನ ದುಡಿಸಿಕೊಂಡರೂ ಕಾನೂನುಬಾಹಿರವಾಗುತ್ತಿತ್ತು, ಮತ್ತು ಅದರ ಪರಿಣಾಮವನ್ನು ನಮಗಿಂತ ಹೆಚ್ಚಾಗಿ ಅವರೇ ಅನುಭವಿಸಬೇಕಾಗುತ್ತಿತ್ತು. ವರ್ಗಾವಣೆಗೆ 18 ದಿನ ಹಿಡಿಯಿತು. ದಯವಿಟ್ಟು ಯಾರೂ ಆತುರಪಡಬೇಡಿ.

ಕರಾರು ಬರೆಯುವಾಗ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಮನೆಗೆಲಸದವರ ಹಕ್ಕುಗಳ ಕುರಿತು 2011ರಲ್ಲಿ ಅಂಗೀಕರಿಸಿದ 189ನೇ ಒಡಂಬಡಿಕೆಯನ್ನು ಓದಿದೆ. ಎಲ್ಲ ದೇಶಗಳೂ ಅದನ್ನು ಅನುಮೋದಿಸಿಲ್ಲ. ಆದರೂ ವಾರಕ್ಕೊಮ್ಮೆ ಸತತ 24 ಗಂಟೆಗಳ ಬಿಡುವು, ಪಾಸ್‌ಪೋರ್ಟನ್ನು ಕೆಲಸದವರೇ ಇಟ್ಟುಕೊಳ್ಳುವ ಹಕ್ಕು ಎಂಬ ಎರಡು ಅಂಶಗಳನ್ನು ನಮ್ಮ ಕರಾರಿನಲ್ಲಿ ಸೇರಿಸಿದೆವು. ಪಾಸ್‌ಪೋರ್ಟಿನ ಸಾಲನ್ನು ಅವರು ಎರಡು ಬಾರಿ ಓದಿಸಿಕೊಂಡು ಕೇಳಿದರು. ಸೋಮವಾರದಿಂದ ಕೆಲಸಕ್ಕೆ ಬರುತ್ತಿದ್ದಾರೆ.