ಡಿಸೆಂಬರ್ ಬಂದರೆ ಎಲ್ಲರಿಗೂ ರಜೆ, ನಮಗೆ ಕಾಫಿ ಕುಯ್ಲು. ಇದರ ಮಧ್ಯೆ ನಿಮಗೆ ಖುಷಿ ಎಲ್ಲಿ ಸಿಗುತ್ತದೆ?

ಮಾದಾಪುರದ ಸೊಸೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಕೊಡಗಿನ ಮಾದಾಪುರ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ, ಜೊತೆಗೆ ಹೋಂಸ್ಟೇ. ನಾನು ಮದುವೆಯಾಗಿ ಬಂದದ್ದು ಮೈಸೂರಿನಿಂದ. ಅಲ್ಲಿದ್ದಾಗ ಡಿಸೆಂಬರ್ ಅಂದರೆ ರಜೆ, ಕೇಕು, ಹೊಸ ಸ್ವೆಟರ್. ಇಲ್ಲಿ ಅರೇಬಿಕಾ ಹಣ್ಣಾಗಿ ಉದುರುತ್ತಿರುತ್ತದೆ, ಕುಯ್ಯಲು ಆಳು ಸಿಗುವುದಿಲ್ಲ, ಕಣದಲ್ಲಿ ಹರಡಿದ ಕಾಫಿ ನೋಡಿಕೊಳ್ಳಬೇಕು, ಅಷ್ಟರಲ್ಲಿ ಗೆಸ್ಟ್ ಬಂದು ಬಿಸಿನೀರು ಬರುತ್ತಿಲ್ಲ ಅನ್ನುತ್ತಾರೆ, ಹಾಸ್ಟೆಲಿನಿಂದ ಬಂದ ಮಕ್ಕಳು ಬೋರು ಅನ್ನುತ್ತಾರೆ. ಹೊರಡುವಾಗ ಗೆಸ್ಟ್‌ಗಳೆಲ್ಲ ಹೇಳುವುದು ಒಂದೇ ಮಾತು, ‘ನೀವು ಪುಣ್ಯ ಮಾಡಿದ್ದೀರಿ ಮೇಡಂ, ಸ್ವರ್ಗದಲ್ಲಿದ್ದೀರಿ’ ಅಂತ. ನಾನು ಆಗ ಅವರ ತಟ್ಟೆ ಎತ್ತುತ್ತಾ ಇರುತ್ತೇನೆ.

ನಾದಿನಿ ಬೆಂಗಳೂರಿನಿಂದ ಒಂದು ಡೈರಿ ತಂದುಕೊಟ್ಟಳು. ದಿನಾ ರಾತ್ರಿ ಮಲಗುವ ಮೊದಲು ಥ್ಯಾಂಕ್ಸ್ ಹೇಳಬೇಕಾದ ಮೂರು ಸಂಗತಿ ಬರೆಯಬೇಕಂತೆ, ಮನಸ್ಸು ಹಗುರಾಗುತ್ತದಂತೆ. ಮೊದಮೊದಲು ಚೆನ್ನಾಗಿಯೇ ಬಂತು. ಈಗ ನೋಡಿದರೆ ‘ಕರೆಂಟ್ ಹೋಗಲಿಲ್ಲ. ಆನೆ ಬರಲಿಲ್ಲ. ಗೆಸ್ಟ್ ಬೇಗ ಮಲಗಿದರು’ ಅಂತ ಬರೆದಿದ್ದೇನೆ. ಇದು ಥ್ಯಾಂಕ್ಸಾ, ಪೊಲೀಸ್ ಠಾಣೆಯ ವರದಿಯಾ ಗೊತ್ತಾಗುತ್ತಿಲ್ಲ.

ಕಷ್ಟ ಅಂತ ಹೇಳುತ್ತಿಲ್ಲ. ಊಟಕ್ಕೆ ಕಮ್ಮಿ ಇಲ್ಲ, ಮನೆಯವರೂ ಒಳ್ಳೆಯವರು. ಆದರೆ ಖುಷಿ ಆಗಬೇಕಾದ ಜಾಗದಲ್ಲಿ ಸುಮ್ನೆ ಸುಸ್ತು ಕೂತಿದೆ. ನಿಮಗೆ ಈ ತಿಂಗಳಲ್ಲಿ ನಿಜವಾಗಿ ಹಿತ ಅನ್ನಿಸುವುದು ಏನು? ಚಿಕ್ಕದೇ ಆಗಲಿ. ಸೂರ್ಯೋದಯ ನೋಡಿ, ಮಂಜು ನೋಡಿ ಅಂತ ಮಾತ್ರ ದಯವಿಟ್ಟು ಹೇಳಬೇಡಿ. ಆ ಹೊತ್ತಿಗೆ ನಾನು ಅಕ್ಕಿ ರೊಟ್ಟಿ ತಟ್ಟುತ್ತಿರುತ್ತೇನೆ, ಅಡುಗೆಮನೆ ಕಿಟಕಿ ಪಶ್ಚಿಮಕ್ಕಿದೆ.

ಕಣದ ಕಾವಲು:

ನೋಡಮ್ಮಾ, ನಾನು ಸೋಮವಾರಪೇಟೆ ಕಡೆಯವನು, ವಯಸ್ಸಾಯಿತು, ತೋಟ ಮಗ ನೋಡಿಕೊಳ್ಳುತ್ತಾನೆ. ನನಗೆ ಉಳಿದಿರುವುದು ಕಣ ಒಂದೇ. ಅದನ್ನು ಯಾರಿಗೂ ಬಿಟ್ಟುಕೊಟ್ಟಿಲ್ಲ.

ಹಣ್ಣು ಕಾಫಿ ಒಣಗಿಸುವಾಗ ಮೂರು ಇಂಚಿಗಿಂತ ದಪ್ಪ ಹರಡಬಾರದು, ಗಂಟೆಗೊಮ್ಮೆಯಾದರೂ ಕೆದಕಬೇಕು ಅಂತ ನಿಮಗೂ ಗೊತ್ತಿರುತ್ತದೆ. ಎಲ್ಲರೂ ಹಲಗೆ ಹಿಡಿದು ಎಳೆಯುತ್ತಾರೆ. ನಾನು ಚಪ್ಪಲಿ ಬಿಟ್ಟು ಕಾಲಲ್ಲೇ ಸಾಲು ಎಳೆಯುತ್ತೇನೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಮೇಲಿನ ಪದರ ಬೆಚ್ಚಗಿರುತ್ತದೆ, ಅಡಿಯದು ಇನ್ನೂ ರಾತ್ರಿಯ ತಣ್ಣಗೆ. ಹೆಬ್ಬೆರಳ ಸಂದಿಯಲ್ಲಿ ಎರಡೂ ಒಟ್ಟಿಗೆ ಗೊತ್ತಾಗುತ್ತದೆ. ಹುಳಿ ಸಿಹಿ ಸೇರಿದ ಆ ವಾಸನೆ ಬೇರೆ. ಒಳ್ಳೆ ಬಿಸಿಲಿದ್ದರೆ ಹನ್ನೆರಡು ಹದಿನೈದು ದಿನದಲ್ಲಿ ಹಣ್ಣು ಕಪ್ಪಾಗುತ್ತದೆ. ಆಗ ಒಂದು ಹಿಡಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸಬೇಕು. ಒಣಗಿದ್ದರೆ ಒಳಗಿನ ಬೀಜ ಗಲಗಲ ಅನ್ನುತ್ತದೆ. ಇಲ್ಲದಿದ್ದರೆ ಸುಮ್ಮನಿರುತ್ತದೆ. ಮೊದಲ ಸಲ ಗಲಗಲ ಅಂದ ದಿನ ನನಗೆ ಹಬ್ಬ. ಮನೆಯಲ್ಲಿ ನಗುತ್ತಾರೆ, ನಗಲಿ.

2024ರ ಡಿಸೆಂಬರ್ ಮೊದಲ ವಾರ ಫೆಂಗಲ್ ಚಂಡಮಾರುತದ ಮಳೆ ಕಣಕ್ಕೇ ಬಂತು. ಅದಾದ ಮೇಲೆ ಆಕಾಶ ನೀಲಿ ಇದ್ದರೆ ಸಾಕು ಅನ್ನಿಸುತ್ತದೆ. ನಿಮ್ಮ ‘ಆನೆ ಬರಲಿಲ್ಲ’ ನನಗೇನೂ ಕಮ್ಮಿ ಅಂತ ಕಾಣಲಿಲ್ಲ. ಅದೂ ಲೆಕ್ಕಕ್ಕೆ ಬರುತ್ತದೆ.

ಪೊನ್ನಂಪೇಟೆ ಅಕ್ಕ:

ಹುತ್ತರಿ, ಅಂದರೆ ನಮ್ಮ ಪುತ್ತರಿ, ಹೊಸ ಬತ್ತದ ಹಬ್ಬ, ಮುಗಿದು ಇನ್ನೂ ಪೂರ್ತಿ ಸುಸ್ತು ಇಳಿದಿಲ್ಲ, ಆದರೂ ಬರೆಯುತ್ತೇನೆ.

ನನಗೆ ಈ ಡೈರಿ ಪದ್ಧತಿಯಲ್ಲಿ ಹಿಡಿಸದ್ದು ಒಂದೇ. ಒಬ್ಬಳೇ ಕೂತು ನನಗೆ ಏನನ್ನಿಸುತ್ತಿದೆ ಅಂತ ಹುಡುಕಬೇಕು. ನಮ್ಮ ಹಬ್ಬದಲ್ಲಿ ಆ ಕೆಲಸವೇ ಇಲ್ಲ, ಗಮನಿಸಿದ್ದೀರಾ? ಕಕ್ಕಬ್ಬೆ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ದಿನ, ಗಳಿಗೆ ನಿಶ್ಚಯ ಮಾಡುತ್ತಾರೆ. ನೆರೆ (ಹಬ್ಬದ ಎಲೆಗಳ ಕಟ್ಟು) ಕಟ್ಟುವುದು ಇಷ್ಟು ಹೊತ್ತಿಗೆ, ಕದಿರು ತೆಗೆಯುವುದು ಇಷ್ಟು ಹೊತ್ತಿಗೆ, ಊಟ ಇಷ್ಟು ಹೊತ್ತಿಗೆ. ಕೋಪ ಇದ್ದರೂ ಸರಿ, ತಲೆನೋವಿದ್ದರೂ ಸರಿ, ಅತ್ತಿಗೆ ಜೊತೆ ಮಾತು ಬಿಟ್ಟಿದ್ದರೂ ಸರಿ, ಗದ್ದೆಗೆ ಹೋಗಲೇಬೇಕು. ತಣ್ಣಗೆ ಇಬ್ಬನಿ ಬಿದ್ದ ಗದ್ದೆ ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು. ಗುಂಡಿನ ಸದ್ದು ಕೇಳಿಸುತ್ತದೆ, ಕದಿರು ಕುಯ್ಯುತ್ತಾರೆ, ‘ಪೊಲಿ ಪೊಲಿ ದೇವಾ’ ಅಂತ ಕೂಗುತ್ತಾ ಮನೆಗೆ ಬರುತ್ತೇವೆ. ಬಾಗಿಲಿಗೆ, ಕಂಬಕ್ಕೆ ಕದಿರು ಕಟ್ಟುವ ಹೊತ್ತಿಗೆ ಕೋಪ ಎಲ್ಲಿ ಹೋಯಿತು ಅಂತ ಗೊತ್ತಿರುವುದಿಲ್ಲ. ಕೈ ಮೊದಲು ಮಾಡುತ್ತದೆ, ಮನಸ್ಸು ಆಮೇಲೆ ಬರುತ್ತದೆ.

ಈಗ ನಮ್ಮದೇ ಗದ್ದೆ ಪಾಳು. ಬತ್ತ ಬೆಳೆದರೆ ಕೂಲಿಗೂ ಹುಟ್ಟುವುದಿಲ್ಲ ಅಂತ ಮನೆಯವರು ಬಿಟ್ಟು ವರ್ಷಗಳಾದವು. ಪಕ್ಕದ ಮನೆಯವರ ಗದ್ದೆಯಿಂದಲೇ ಕದಿರು. ಅದಕ್ಕೇ ಇರಬೇಕು, ಆ ಒಂದು ಹಿಡಿ ಕದಿರು ನಮ್ಮದೇ ಬೆಳೆ ಇದ್ದಾಗಿನದಕ್ಕಿಂತ ಜಾಸ್ತಿ ಅನ್ನಿಸುತ್ತದೆ. ಕೊಟ್ಟವರ ಮುಖ ಕಾಣುತ್ತದಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಅಂದರೆ ನನಗೆ ಪುತ್ತರಿ ಗೆಣಸು. ಬೇಯಿಸಿ ಸಿಪ್ಪೆ ತೆಗೆದರೆ ಒಳಗೆ ನೇರಳೆ ಬಣ್ಣ. ಮೇಲೆ ಜೇನು. ಹಬ್ಬದ ದಿನ ಗಡಿಬಿಡಿಯಲ್ಲಿ ರುಚಿ ಗೊತ್ತಾಗುವುದಿಲ್ಲ, ಆಮೇಲೆ ಒಂದು ಮಧ್ಯಾಹ್ನ ಎಲ್ಲರೂ ಮಲಗಿದಾಗ ಒಬ್ಬಳೇ ಹಿಂದಿನ ಮೆಟ್ಟಿಲ ಮೇಲೆ ಕೂತು ತಿನ್ನುತ್ತೇನೆ. ಯಾರಿಗೂ ಕೊಡುವುದಿಲ್ಲ.

ರೈಟರ್, ಸಿದ್ದಾಪುರ:

ನಾನು ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವನು. ನಮ್ಮ ಕಡೆ ರೊಬಸ್ಟಾ ಕಾಫಿ ಜಾಸ್ತಿ, ಅದು ಅರೇಬಿಕಾಗಿಂತ ತಡವಾಗಿ ಹಣ್ಣಾಗುತ್ತದೆ, ಹಾಗಾಗಿ ನಿಜವಾದ ಗಲಾಟೆ ಹೊಸ ವರ್ಷ ಕಳೆದ ಮೇಲೆ.

ನನಗೆ ಇಷ್ಟ ಸಂಜೆ ತೂಕದ ಹೊತ್ತು. ಇಡೀ ದಿನ ಸಾಲಿನಲ್ಲಿ ಕುಯ್ದವರು ಚೀಲ ಹೊತ್ತು ಬರುತ್ತಾರೆ, ಟಾರ್ಪಾಲಿನ ಮೇಲೆ ಸುರಿದು ಹಸಿರು ಕಾಯಿ, ಎಲೆ, ಕಡ್ಡಿ ಆಯುತ್ತಾರೆ. ಆಗ ಶುರುವಾಗುತ್ತದೆ ಮಾತು. ಕನ್ನಡ, ತಮಿಳು, ಮಲಯಾಳ, ಅಸ್ಸಾಮಿನಿಂದ ಬಂದವರದ್ದು ಇನ್ನೊಂದು. ಯಾರಿಗೆ ಎಷ್ಟು ಕೆಜಿ ಆಯಿತು ಅಂತ ಎಲ್ಲರಿಗೂ ಕುತೂಹಲ. ಜಾಸ್ತಿ ಕುಯ್ದವರ ಹೆಸರು ಕೂಗಿದಾಗ ಅವರು ತಲೆ ತಗ್ಗಿಸಿ ನಗುತ್ತಾರೆ. ಅಷ್ಟರಲ್ಲಿ ಕೆಲಸದವರ ಲೈನ್ ಮನೆ ಕಡೆಯಿಂದ ಒಣಮೀನು ಸುಡುವ ವಾಸನೆ ಬರುತ್ತದೆ, ನನಗೂ ಹಸಿವು.

ಒಂದು ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ ಅಕ್ಕಾ. ಥ್ಯಾಂಕ್ಸನ್ನು ಡೈರಿಗೆ ಹೇಳಿದರೆ ಅದು ಡೈರಿಯಲ್ಲೇ ಉಳಿಯುತ್ತದೆ. ತೂಕದ ಹತ್ತಿರ ನಿಂತು, ‘ಇವತ್ತು ಗಿಡದ ಅಡಿ ಎಷ್ಟು ಚೊಕ್ಕ ಬಿಟ್ಟಿದ್ದೀಯಾ, ಒಂದು ಹಣ್ಣು ಬಿದ್ದಿಲ್ಲ’ ಅಂತ ಒಬ್ಬರಿಗೆ ಹೇಳಿ ನೋಡಿ. ಮಾಲೀಕರ ಮನೆಯವರು ಹಾಗೆ ಹೇಳುವುದು ಅಪರೂಪ. ಕುಯ್ದವರಿಗೂ ಖುಷಿ, ನಿಮಗೂ ಏನೋ ಒಂದು ಆಗುತ್ತದೆ. ಜೊತೆಗೆ ಒಂದು ಲೋಟ ಬಿಸಿ ಟೀ ಇದ್ದರೆ ನಾಳೆ ಆಳು ಸಿಗಲಿಲ್ಲ ಅನ್ನುವ ತೊಂದರೆಯೂ ಸ್ವಲ್ಪ ಕಮ್ಮಿ.

ಮೇಷ್ಟ್ರು, ವಿರಾಜಪೇಟೆ:

ಡೈರಿಯನ್ನು ಪೂರ್ತಿ ಬಯ್ಯಬೇಡಿ, ಅದರ ಪರವಾಗಿ ಸ್ವಲ್ಪ ಹೇಳುತ್ತೇನೆ. ಪಾಠದ ವಾಸನೆ ಬಂದರೆ ಕ್ಷಮೆ ಇರಲಿ.

ಈ ಥ್ಯಾಂಕ್ಸ್ ಬರೆಯುವ ಅಭ್ಯಾಸಕ್ಕೆ ಹೆಸರು ತಂದದ್ದು 2003ರಲ್ಲಿ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮ್ಮನ್ಸ್ ಮತ್ತು ಮೈಕೆಲ್ ಮೆಕ್ಕಲ್ಲೊ ಪ್ರಕಟಿಸಿದ ಅಧ್ಯಯನ. ಅದರ ಮೊದಲ ಭಾಗದಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಲ್ಲಿ ಒಂದು ಗುಂಪಿನವರು ಹತ್ತು ವಾರ, ವಾರಕ್ಕೊಮ್ಮೆ, ಒಳ್ಳೆಯದು ಅನ್ನಿಸಿದ ಐದರವರೆಗೆ ಸಂಗತಿ ಬರೆದರು. ಇನ್ನೊಂದು ಗುಂಪಿನವರು ಕಿರಿಕಿರಿಗಳನ್ನು ಬರೆದರು. ಒಳ್ಳೆಯದು ಬರೆದವರಿಗೆ ಒಟ್ಟಾರೆ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಇತ್ತು. ಗಮನಿಸಿ, ವಾರಕ್ಕೊಮ್ಮೆ. ಆಮೇಲೆ ಸೋನ್ಯಾ ಲ್ಯುಬೊಮಿರ್ಸ್ಕಿ ಮತ್ತು ಜೊತೆಯವರು ವಾರಕ್ಕೆ ಒಂದು ಸಲ ಬರೆಯುವವರನ್ನೂ ಮೂರು ಸಲ ಬರೆಯುವವರನ್ನೂ ಹೋಲಿಸಿದರು. ಖುಷಿ ಹೆಚ್ಚಿದ್ದು ಒಂದು ಸಲ ಬರೆದವರಿಗೆ. ದಿನಾ ಬರೆದರೆ ಅದೂ ಹೋಂವರ್ಕ್ ಆಗಿಬಿಡುತ್ತದೆ, ನಿಮಗೆ ಆದದ್ದೂ ಅದೇ ಇರಬೇಕು. ಅಲ್ಲಿನ ಹುಡುಗ ಹುಡುಗಿಯರಿಗೆ ಆಗಿದ್ದು ಕಾಫಿ ಕುಯ್ಲಿನ ನಡುವೆ ಇರುವವರಿಗೂ ಹಾಗೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೂ ಮೂರು ತಲೆಬರಹ ಬರೆಯುವ ಬದಲು ವಾರಕ್ಕೊಮ್ಮೆ ಒಂದೇ ಒಂದನ್ನು ಬಿಡಿಸಿ ಬರೆಯಿರಿ. ಮೇಲೆ ಕಣದ ಕಾವಲು ಅವರು ಕಾಲ್ಬೆರಳಿನ ಬಗ್ಗೆ ಬರೆದಿದ್ದಾರಲ್ಲ, ಹಾಗೆ.

ನನ್ನ ಕಡೆಯಿಂದ ಒಂದು ಸೇರಿಸಿ. ನಮ್ಮೂರಿನ ಸಂತ ಅನ್ನಮ್ಮ ಚರ್ಚ್ 1792ರದ್ದು. ಕ್ರಿಸ್‌ಮಸ್ ಹಿಂದಿನ ರಾತ್ರಿ ಬಲಿಪೂಜೆಗೆ ಗಂಟೆ ಹೊಡೆದರೆ ನಮ್ಮ ಮನೆಗೂ ಕೇಳಿಸುತ್ತದೆ. ಮರುದಿನ ಪಕ್ಕದ ಮನೆಯಿಂದ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ತಟ್ಟೆ ಬರುತ್ತದೆ. ಖಾಲಿ ತಟ್ಟೆ ವಾಪಸ್ ಕೊಡುವ ಹಾಗಿಲ್ಲ, ಅದಕ್ಕೆ ನನ್ನ ಹೆಂಡತಿ ಹಿತ್ತಲಿನ ಕಿತ್ತಳೆ ಹಾಕುತ್ತಾಳೆ. ರೋಗ ಬಿದ್ದು ಕೊಡಗಿನ ಕಿತ್ತಳೆ ಎಲ್ಲ ಕಡೆ ಕಮ್ಮಿಯಾಗಿದೆ, ನಮ್ಮಲ್ಲೂ ಒಂದೇ ಮರ ಉಳಿದಿರುವುದು. ಯಾವ ಹಣ್ಣು ತಟ್ಟೆಗೆ, ಯಾವುದು ಮನೆಗೆ ಅಂತ ಹಿಂದಿನ ದಿನವೇ ಅವಳ ಆಯ್ಕೆ ಮುಗಿದಿರುತ್ತದೆ. ಒಳ್ಳೆಯದೆಲ್ಲ ತಟ್ಟೆಗೇ.

ಮಕ್ಕಂದೂರು:

ಎಲ್ಲರ ಮಾತು ಚೆನ್ನಾಗಿದೆ, ನಾನು ಸ್ವಲ್ಪ ಬೇರೆ ಹೇಳುತ್ತೇನೆ.

2018ರ ಆಗಸ್ಟ್‌ನಲ್ಲಿ ನಮ್ಮ ಗುಡ್ಡದ ಬರೆ ಜರಿದು ಮನೆ ಹೋಯಿತು, ತೋಟದ ಮುಕ್ಕಾಲು ಭಾಗ ಹೋಯಿತು. ಪರಿಹಾರ ಕೇಂದ್ರದಲ್ಲಿ ಬಂದವರೆಲ್ಲ ‘ಜೀವ ಉಳಿಯಿತಲ್ಲ, ಅದಕ್ಕೆ ದೇವರಿಗೆ ಕೈ ಮುಗಿ’ ಅಂದರು. ನಿಜವೇ. ಆದರೆ ಅಳುವುದಕ್ಕೆ ಬಾಯಿ ತೆರೆದಾಗೆಲ್ಲ ಅದನ್ನೇ ಹೇಳಿ ಮುಚ್ಚಿಸಿದರು. ಆಮೇಲೆ ಬಹಳ ದಿನ ಯಾರಾದರೂ ‘ಇರುವುದಕ್ಕೆ ಖುಷಿ ಪಡು’ ಅಂದರೆ ಎದ್ದು ಹೋಗುತ್ತಿದ್ದೆ. ಹಾಗಾಗಿ ತಂಗೀ, ಸುಸ್ತಾಗಿದ್ದರೆ ಸುಸ್ತು ಅನ್ನಿ. ಸ್ವರ್ಗದಲ್ಲಿದ್ದೀರಿ ಅಂದವರಿಗೆ ತಟ್ಟೆ ಎತ್ತಲು ಸ್ವಲ್ಪ ಕೈ ಹಾಕಿ ಅನ್ನಿ.

ನನ್ನ ಖುಷಿ ಏನು ಗೊತ್ತಾ? ಸ್ನಾನ. ಸರ್ಕಾರ ಕೊಟ್ಟ ಹೊಸ ಮನೆಯಲ್ಲಿ ಬಚ್ಚಲ ಒಲೆ ಇರಲಿಲ್ಲ. ಮೈದುನ ಹಿಂದೆ ಒಂದು ಮಾಡು ಇಳಿಸಿ ಹಂಡೆ ಕೂರಿಸಿಕೊಟ್ಟ. ಸಿಲ್ವರ್ ಓಕ್ ಸೌದೆ, ಕಾಫಿ ಗಿಡದ ಒಣಗಿದ ಬುಡ, ಹೊಗೆಗೆ ಕಣ್ಣೆಲ್ಲ ಉರಿ. ಬೂದಿಯಲ್ಲಿ ಎರಡು ಸಿಹಿ ಗೆಣಸು ಹೂತಿಟ್ಟು ಒಳಗೆ ಹೋದರೆ, ಹೊರಗೆ ಬರುವಷ್ಟರಲ್ಲಿ ಬೆಂದಿರುತ್ತದೆ. ಡಿಸೆಂಬರ್ ಚಳಿಯಲ್ಲಿ ಆ ನೀರು ಬೆನ್ನ ಮೇಲೆ ಬಿದ್ದಾಗ ನನಗೆ ಯಾರೂ ಖುಷಿ ಪಡು ಅಂತ ಹೇಳಬೇಕಾಗಿಲ್ಲ.

ಇನ್ನೊಂದು. ಏನು ತಿಂದರೂ ರುಚಿ ಇಲ್ಲ, ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂತ ಎರಡು ವಾರಕ್ಕಿಂತ ಹೆಚ್ಚು ಆದರೆ ಅದು ಡೈರಿ ಕೆಲಸ ಅಲ್ಲ, ಡಾಕ್ಟರ್ ಕೆಲಸ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ನಂಬರ್ 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮಗೆ ಅಂತ ಅಲ್ಲ, ಓದುವವರು ಯಾರಿಗಾದರೂ ಬೇಕಾದೀತು.

ಮಾದಾಪುರದ ಸೊಸೆ:

ಮಕ್ಕಂದೂರು ಅಕ್ಕಾ, ನಿಮ್ಮದು ಓದಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಅಷ್ಟು ಆಗಿಲ್ಲ ನನಗೆ, ನಿದ್ದೆ ಚೆನ್ನಾಗಿಯೇ ಬರುತ್ತದೆ, ಕಮ್ಮಿ ಸಿಗುತ್ತದೆ ಅಷ್ಟೇ.

ರೈಟರ್ ಅಣ್ಣ ಹೇಳಿದ್ದು ಇವತ್ತೇ ಮಾಡಿದೆ. ನಮ್ಮಲ್ಲಿ ಕುಯ್ಯಲು ಬರುವ ಒಬ್ಬ ಅಜ್ಜಿಗೆ, ‘ನಿಮ್ಮ ಚೀಲದಲ್ಲಿ ಒಂದು ಹಸಿರು ಕಾಯಿ ಇಲ್ಲ’ ಅಂದೆ. ಅವರು ‘ಈಗ ಗೊತ್ತಾಯಿತಾ?’ ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಡೈರಿ ಇನ್ನು ಭಾನುವಾರಕ್ಕೆ ಮಾತ್ರ. ಮಕ್ಕಳ ಬೋರಿಗೆ ಏನಾದರೂ ಇದೆಯಾ? ಮಡಿಕೇರಿಗೆ ಕರೆದುಕೊಂಡು ಹೋಗೋಣ ಅಂದರೆ ಕ್ರಿಸ್‌ಮಸ್ ಹತ್ತಿರ ಬಂತು, ರಾಜಾಸೀಟ್ ಹತ್ತಿರ ಕಾರು ನಿಲ್ಲಿಸುವುದಿರಲಿ, ತಿರುಗಿಸಲೂ ಜಾಗ ಇರುವುದಿಲ್ಲ.

ರಾತ್ರಿ ಪಾಳಿ:

ಅಕ್ಕಾ ಇದೆ! ಡಿಸೆಂಬರ್ 13, 14ರ ರಾತ್ರಿ ಜೆಮಿನಿಡ್ ಉಲ್ಕೆಗಳು. ವರ್ಷದಲ್ಲಿ ಕಾಣುವ ಒಳ್ಳೆಯ ಉಲ್ಕಾಪಾತಗಳಲ್ಲಿ ಇದೂ ಒಂದು. ಬಹಳಷ್ಟು ಉಲ್ಕೆಗಳು ಧೂಮಕೇತುವಿನ ಧೂಳಿನಿಂದ ಬರುತ್ತವೆ, ಇದು ಫೇಯ್ತಾನ್ ಅನ್ನುವ ಕ್ಷುದ್ರಗ್ರಹದ್ದು, ಅದನ್ನು ಕಂಡುಹಿಡಿದದ್ದು 1983ರಲ್ಲಿ. ಮಕ್ಕಳಿಗೆ ಹೇಳಿ, ಬೋರು ಅನ್ನುವುದಿಲ್ಲ.

ದುರ್ಬೀನು ಬೇಡ. ಹುತ್ತರಿ ಹುಣ್ಣಿಮೆ ಕಳೆದು ವಾರ ದಾಟಿದೆ, ಚಂದ್ರ ಬರುವುದು ನಡುರಾತ್ರಿ ಮೇಲೆ, ಹಾಗಾಗಿ ಒಳ್ಳೆ ಕತ್ತಲು. ಒಂಬತ್ತು ಗಂಟೆ ಮೇಲೆ ಹೋಂಸ್ಟೇ ಲೈಟೆಲ್ಲ ಆರಿಸಿ. ಪೂರ್ವಕ್ಕೆ ಮುಖ ಮಾಡಿದರೆ ಒಂದೇ ಸಾಲಿನ ಮೂರು ನಕ್ಷತ್ರ ಕಾಣುತ್ತದೆ, ಅದರ ಎಡಕ್ಕೆ ಮಿಥುನ ರಾಶಿ, ಉಲ್ಕೆಗಳು ಆ ಕಡೆಯಿಂದ ಬಂದ ಹಾಗೆ ಕಾಣುತ್ತವೆ. ಆದರೆ ಅಲ್ಲೇ ನೋಡುತ್ತಾ ಕೂರಬೇಡಿ, ಇಡೀ ಆಕಾಶದಲ್ಲಿ ಎಲ್ಲಿ ಬೇಕಾದರೂ ಬೀಳುತ್ತದೆ. ಕಣ್ಣು ಕತ್ತಲಿಗೆ ಹೊಂದಲು ಇಪ್ಪತ್ತು ನಿಮಿಷ ಬೇಕು, ಅಲ್ಲಿಯವರೆಗೆ ಮೊಬೈಲ್ ನೋಡುವ ಹಾಗಿಲ್ಲ. ಮಕ್ಕಳಿಗೆ ಅದೇ ಕಷ್ಟ. ರಾತ್ರಿ ಕಾಫಿ ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿರುತ್ತೀರಲ್ಲ, ಕಣ ಅರ್ಧ ಖಾಲಿ. ಚಾಪೆ ಹಾಕಿ ಕಂಬಳಿ ಹೊದ್ದು ಮಲಗಿಬಿಡಿ.

ರೈಟರ್, ಸಿದ್ದಾಪುರ:

ಎಲ್ಲ ಸರಿ, ಚೆನ್ನಾಗಿ ಕಾಣಬೇಕು ಅಂತ ಕಣ ಬಿಟ್ಟು ತೋಟದೊಳಗೆ ಮಾತ್ರ ಇಳಿಯಬೇಡಿ. ಹಲಸಿನ ಕಾಲ ಅಲ್ಲದಿದ್ದರೂ ಆನೆಗೆ ಬಾಳೆ ಇದೆ, ಬತ್ತ ಇದೆ. ನಿಮ್ಮ ಕಡೆಯ ವಾಟ್ಸ್ಯಾಪ್ ಗುಂಪಿನಲ್ಲಿ ಸಂಜೆ ಆನೆ ಎಲ್ಲಿತ್ತು ಅಂತ ನೋಡಿಕೊಂಡೇ ಚಾಪೆ ಹಾಸಿ. ನಾಯಿ ಹತ್ತಿರ ಇರಲಿ, ಅದು ಗುರ್ ಅಂದರೆ ಉಲ್ಕೆ ಎಷ್ಟು ಬಿದ್ದರೂ ಸರಿ, ಎದ್ದು ಒಳಗೆ.

ಮಾದಾಪುರದ ಸೊಸೆ:

ಆಯಿತು ಅಣ್ಣಾ, ನಾಯಿಯೂ ಬರುತ್ತದೆ. ಗೆಸ್ಟ್‌ಗಳಿಗೂ ಹೇಳುತ್ತೇನೆ, ಬೇಕಾದವರು ಕಂಬಳಿ ತಂದು ಮಲಗಲಿ. ಆದರೆ ಹತ್ತು ಗಂಟೆ ಮೇಲೆ ಯಾರೂ ಕಾಫಿ ಕೇಳಬಾರದು, ಅಡುಗೆಮನೆಗೆ ಬೀಗ ಹಾಕಿಯೇ ಬರುತ್ತೇನೆ.