ತೋಟದ ರಜೆ

“ಬಿಟ್ಟು ಹೋಗ್ತೇನೆ ಹೇಳಿದವನಿಗೆ ಸಂಬಳ ಕೊಟ್ಟು ಮನೆಯಲ್ಲಿ ಕೂರಿಸುದಾ? ಅದಕ್ಕೆ ಎಂತ ಹೆಸರು ಹೇಳಿದ್ದು ನೀವು?”

“ಗಾರ್ಡನಿಂಗ್ ಲೀವ್, ಭಾವ.”

“ಅಂದರೆ ತೋಟದ ರಜೆ.” ಭಾವ ಚಾಯದ ಗ್ಲಾಸು ಕೆಳಗಿಟ್ಟರು. “ನಾನು ಮೂವತ್ತು ವರ್ಷದಿಂದ ತೋಟದಲ್ಲೇ ಇದ್ದೇನೆ. ನನಗೆ ಯಾವ ಕಂಪೆನಿ ಕೊಟ್ಟಿತು?”

2025ರ ಜುಲೈ 27, ಆದಿತ್ಯವಾರ ಸಂಜೆ. ಬದಿಯಡ್ಕದ ನಮ್ಮ ಮಾಮೂಲು ಹೋಟೆಲಿನಲ್ಲಿ ಬಿಸ್ಕುಟಿನ ಭರಣಿಗೆ ಮೊಬೈಲು ಒರಗಿಸಿಟ್ಟು ಕೂತಿದ್ದೆವು. ಹೊರಗೆ ಆಟಿಯ ಮಳೆ. ಮೊಬೈಲಿನ ಒಳಗೂ ಮಳೆ: ಬೆಲ್ಜಿಯಂನ ಸ್ಪಾದಲ್ಲಿ ಫಾರ್ಮುಲಾ ಒನ್ ರೇಸು ಆರೂವರೆಗೆ ಶುರುವಾಗಬೇಕಿದ್ದದ್ದು ನೀರಿಗೆ ನಿಂತುಬಿಟ್ಟಿತ್ತು. ಕಾರುಗಳೆಲ್ಲ ಸಾಲಾಗಿ ರಿಪೇರಿಯ ಪಿಟ್ಟಿನಲ್ಲಿ, ನಾವು ಸಾಲಾಗಿ ಬೆಂಚಿನಲ್ಲಿ. ಇಂಥ ಹೊತ್ತಿನಲ್ಲಿ ಬಾಯಿಗೆ ಬೇರೆ ಕೆಲಸ ಬೇಕಲ್ಲ.

ಹೆಸರು ಹಾಕಿದರೆ ನಾಳೆ ನನಗೆ ಆ ಬೆಂಚಿನಲ್ಲಿ ಜಾಗ ಸಿಗಲಿಕ್ಕಿಲ್ಲ, ಆದ್ದರಿಂದ ಕರೆಯುವ ಹಾಗೆಯೇ ಬರೆಯುತ್ತೇನೆ. ಭಾವನದ್ದು ಅಡಿಕೆ ತೋಟ, ಮತ್ತು ಫೆರಾರಿ ಭಕ್ತಿ. ಇಚ್ಚ ಅಬುಧಾಬಿಯಲ್ಲಿ ಹದಿನೆಂಟು ವರ್ಷ ದುಡಿದು ಬಂದವರು. ಯಾಸ್ ಮರೀನಾ ಟ್ರ್ಯಾಕಿನ ಹೊರಗೆ ಪಾರ್ಕಿಂಗಿನಲ್ಲಿ ಡ್ಯೂಟಿ ಮಾಡಿ ನಾಲ್ಕು ರೇಸು ಕಿವಿಯಲ್ಲೇ ನೋಡಿದ್ದಾರೆ. ಜೀಪಣ್ಣ ಪೆರ್ಲ ಕಡೆಗೆ ಸರ್ವಿಸ್ ಜೀಪು ಓಡಿಸುವವ. ಮಾಷ್ಟ್ರಿಗೆ ಕಾರಿನ ಗೇರು ಗೊತ್ತಿಲ್ಲ, ಆದರೆ ಯಕ್ಷಗಾನದಲ್ಲಿ ಯಾವ ಮೇಳದಿಂದ ಯಾವ ಮೇಳಕ್ಕೆ ಯಾರು ಯಾವ ವರ್ಷ ಹಾರಿದರು ಎಂಬುದು ಬಾಯಿಪಾಠ.

“ಮಳೆಗೆ ರೇಸು ನಿಲ್ಲಿಸುದು ಎಂತ ಲೆಕ್ಕ?” ಜೀಪಣ್ಣನ ತಕರಾರು. “ಆಟಿಯ ಮಳೆಗೆ ನಾನು ಜೀಪು ನಿಲ್ಲಿಸಿದ್ರೆ ಸೋಣದಲ್ಲೇ ತೆಗೀಬೇಕು.”

“ನೀರಲ್ಲ ಮಾರಾಯ ತೊಂದರೆ, ಮುಂದಿನವನ ಚಕ್ರ ಎಬ್ಬಿಸುವ ತುಂತುರು. ಹಿಂದಿನವನಿಗೆ ಗೋಡೆಯ ಹಾಗೆ ಬಿಳಿ, ಏನೂ ಕಾಣುದಿಲ್ಲ,” ಅಂದರು ಇಚ್ಚ. “2021ರಲ್ಲಿ ಇದೇ ಸ್ಪಾದಲ್ಲಿ ನಿಧಾನಕ್ಕೆ ದಾರಿ ತೋರಿಸುವ ಸೇಫ್ಟಿ ಕಾರಿನ ಹಿಂದೆ ಮೆರವಣಿಗೆ ಹೋಗಿ ಬಂದು, ಅರ್ಧ ಪಾಯಿಂಟು ಹಂಚಿ ಮನೆಗೆ ಕಳಿಸಿದ್ರು.”

ಭಾವ ಮಾತ್ರ ತೋಟದ ರಜೆಯಲ್ಲೇ ನಿಂತಿದ್ದರು. ಕಾರಣ ನನಗೆ ಗೊತ್ತಿತ್ತು. ಅಡಿಕೆಗೆ ಎರಡನೇ ಮದ್ದು ಬಿಡುವ ಹೊತ್ತಿಗೆ ಸರಿಯಾಗಿ ಅವರ ಮದ್ದು ಬಿಡುವವ ಆಚೆ ತೋಟಕ್ಕೆ ಹೋಗಿಬಿಟ್ಟಿದ್ದ. ಮಳೆಗೆ ಮೂರು ದಿನ ಬಿಡುವು ಸಿಗುವುದೇ ಕಷ್ಟ. ಸಿಕ್ಕಿದಾಗ ಬೋರ್ಡೋ ಮದ್ದು ಬೀಳದಿದ್ದರೆ ಕೊಳೆರೋಗ ಗೊನೆಯನ್ನೇ ನೆಲಕ್ಕೆ ಸುರಿಯುತ್ತದೆ. ಮನಸ್ಸಿನಲ್ಲಿ ಆ ಗೊನೆಗಳನ್ನಿಟ್ಟುಕೊಂಡೇ ಭಾವ ರೇಸು ನೋಡಲು ಬಂದದ್ದು.

“ಕಾರಿನ ಗುಟ್ಟು ಅವನ ತಲೆಯಲ್ಲಿ ಇರ್ತದಲ್ಲ ಭಾವ, ಅದು ತಣಿಯುವವರೆಗೆ ಕೂರಿಸುದು,” ಇಚ್ಚ ವಿವರಿಸಿದರು. “ಕಾರಿನ ನಕ್ಷೆ ಬರೆಯುವ ಏಡ್ರಿಯನ್ ನ್ಯೂವಿಯನ್ನೇ ತೆಗೊಳ್ಳಿ. ರೆಡ್‌ಬುಲ್ ಟೀಮಿಗೆ 2006ರಲ್ಲಿ ಬಂದವ. 2024ರ ಮೇಯಲ್ಲಿ ಬಿಡ್ತೇನೆ ಅಂದ, ಆಸ್ಟನ್ ಮಾರ್ಟಿನ್ನಿನ ಬಾಗಿಲು ದಾಟಿದ್ದು 2025ರ ಮಾರ್ಚಿನಲ್ಲಿ. ನಡುವೆ ರೇಸಿನ ಕಾರು ಬಿಟ್ಟು, ದುಡ್ಡಿದ್ದವರಿಗೆ ಮಾರುವ ಇನ್ನೊಂದು ಕಾರಿನ ಕೆಲಸ ಮುಗಿಸಿಕೊಂಡು ಇದ್ದ.”

“ಅವನು ಈಗಲೂ ಬೋರ್ಡಿನಲ್ಲಿ ಪೆನ್ಸಿಲು ಹಿಡಿದೇ ಬರೆಯುದಂತೆ,” ನಾನು ಸೇರಿಸಿದೆ.

ಮಾಷ್ಟ್ರಿಗೆ ಅಷ್ಟು ಸಾಕಾಯಿತು. “ನೋಡಿ, ಅಕ್ಷರ ತಿದ್ದಿದವನಿಗೆ ಬೆಲೆ ಉಂಟು.”

“ನಮ್ಮವ ಪೆನ್ಸಿಲು ಹಿಡಿಲಿಲ್ಲ, ದೋಟಿ ಹಿಡಿದ,” ಭಾವ ನಿಟ್ಟುಸಿರು ಬಿಟ್ಟರು. “ಕಾರ್ಬನ್ ಫೈಬರಿನದ್ದು. ನಾನೇ ತೆಗೆದುಕೊಟ್ಟದ್ದು. ಅವ ಹೋದ ಮೇಲೆ ನಾನು ಹಿಡಿದು ನೋಡಿದೆ. ಆಕಾಶ ನೋಡಿ ನೋಡಿ ಕುತ್ತಿಗೆ ಕೆಳಗೆ ಬರುದಿಲ್ಲ.”

ಆಗ ಇಚ್ಚನಿಗೆ ಜೋನ್ ಬರ್ನಾರ್ಡ್ ನೆನಪಾದ. ನ್ಯಾಯವಾಗಿ ನೆನಪಾಗಬೇಕಾದವನೇ. ಫಾರ್ಮುಲಾ ಒನ್ನಿನಲ್ಲಿ ಕಾರಿನ ಇಡೀ ಗೂಡನ್ನು ಕಾರ್ಬನ್ ಫೈಬರಿನಲ್ಲಿ ಕಟ್ಟಿ 1981ರಲ್ಲಿ ಮೆಕ್ಲಾರೆನ್ನಿಗೆ ಕೊಟ್ಟವ ಅವನು. ಆಮೇಲೆ ಫೆರಾರಿ ಕರೆಯಿತು. ಬರ್ನಾರ್ಡ್ ಹೇಳಿದನಂತೆ, ಬರ್ತೇನೆ, ಆದರೆ ಇಟಲಿಗೆ ಬರುದಿಲ್ಲ. ಫೆರಾರಿಯವರು ಇಂಗ್ಲೆಂಡಿನ ಗಿಲ್ಡ್‌ಫರ್ಡಿನಲ್ಲಿ ಅವನ ಕಾಲಬುಡದಲ್ಲೇ ಆಫೀಸು ಹಾಕಿಕೊಟ್ಟರು.

“ಅಂದರೆ,” ಭಾವನ ಸ್ವರ ಸಣ್ಣದಾಯಿತು, “ಮದ್ದು ಬಿಡುವವನ ಮನೆ ಅಂಗಳಕ್ಕೆ ತೋಟ ತೆಗೊಂಡು ಹೋದ ಹಾಗೆ.”

“ತೆಗೊಂಡು ಹೋದದ್ದಕ್ಕೆ ಫಲ ಸಿಕ್ಕಿತು ಭಾವ. ಸ್ಟಿಯರಿಂಗಿನ ಹಿಂದೆ ಬೆರಳಲ್ಲೇ ಗೇರು ಬದಲಿಸುವ ಕಾರು ಮಾಡಿಕೊಟ್ಟ. 1989ರಲ್ಲಿ ಬ್ರೆಜಿಲಿನಲ್ಲಿ ಮೊದಲ ರೇಸಿನಲ್ಲೇ ಮ್ಯಾನ್ಸೆಲ್ ಗೆದ್ದ.”

ಭಾವ ಏನೋ ಲೆಕ್ಕ ಹಾಕಿದರು. ಬಹುಶಃ ಅಂಗಳದ ಅಳತೆ.

ಮೊಬೈಲಿನಲ್ಲಿ ರೆಡ್‌ಬುಲ್ಲಿನ ಹೊಸ ಯಜಮಾನ ಮೆಕೀಸ್ ಕಂಡ. 20 ವರ್ಷ ಆಳಿದ ಹಾರ್ನರನ್ನು ಇಳಿಸಿ ಮೂರು ವಾರ ಆಗಿರಲಿಲ್ಲ. ಮಾಷ್ಟ್ರಿಗೆ ಅದು ಚೆನ್ನಾಗಿ ಅರ್ಥವಾಯಿತು. “ಮೇಳದ ಯಜಮಾನ ಬದಲಾದರೆ ಬಣ್ಣ ಹಚ್ಚುವ ಚೌಕಿಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡುದಿಲ್ಲ. ಆದರೂ ನಮ್ಮಲ್ಲಿ ಒಂದು ಮರ್ಯಾದೆ ಉಂಟು. ತಿರುಗಾಟ ಮುಗಿಯುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆಯೇ ಹಾರುದು. ಇವರದ್ದು ಆಟದ ನಡುವೆಯೇ ಕಿರೀಟ ತೆಗೆಸುದು!”

“ಲಾಸನ್ ಹೇಳುವ ಹುಡುಗನನ್ನು ಈ ವರ್ಷ ಎರಡೇ ರೇಸಿಗೆ ತೆಗೆದು ಹಾಕಿದ್ರು ಮಾಷ್ಟ್ರೆ,” ಅಂದೆ.

“ಎರಡು ಆಟಕ್ಕೆ ಮುಖದ ಬಣ್ಣವೂ ಸರಿಯಾಗಿ ಕೂರುದಿಲ್ಲ.”

ಭಾವ ಈ ಮಾತಿಗೆ ಸೇರಲಿಲ್ಲ. ಅವರ ಗಾಯ ಬೇರೆ. ಹ್ಯಾಮಿಲ್ಟನ್ ಫೆರಾರಿಗೆ ಬಂದಾಗ ಹೋಟೆಲಿನವರಿಗೆಲ್ಲ ಗೋಳಿಬಜೆ ಕೊಡಿಸಿದವರು ಅವರು. ಚೀನಾದಲ್ಲಿ ಒಂದು ಸ್ಪ್ರಿಂಟು, ಅಂದರೆ ಸಣ್ಣ ರೇಸು, ಗೆದ್ದದ್ದು ಬಿಟ್ಟರೆ ಮತ್ತೆ ಪೋಡಿಯಮ್ಮಿನ ಮೆಟ್ಟಿಲು ಕಾಲಿಗೆ ಸಿಕ್ಕಿರಲಿಲ್ಲ. (ಆ ವರ್ಷ ಮುಗಿಯುವವರೆಗೂ ಸಿಗಲಿಲ್ಲ. ಗೋಳಿಬಜೆಯ ವಿಷಯ ಆಮೇಲೆ ಯಾರೂ ಎತ್ತಲಿಲ್ಲ, ನಾನು ಎರಡು ಸಲ ಬಿಟ್ಟು.)

“2013ರಲ್ಲಿ ಮೆಕ್ಲಾರೆನ್ ಬಿಟ್ಟು ಮರ್ಸಿಡಿಸಿಗೆ ಹೋದಾಗಲೂ ಮಂಡೆ ಸರಿ ಇಲ್ಲ ಅಂದಿದ್ರು,” ಭಾವ ವಾದಿಸಿದರು. “ಅಲ್ಲಿ ಆರು ಸಲ ಚಾಂಪಿಯನ್ ಆದ.”

“ಆಗ ಅವನು ಪುಂಡುವೇಷ ಭಾವ. ಈಗ ನಲುವತ್ತು.”

“ವೇಷಕ್ಕೆ ಪ್ರಾಯ ಉಂಟಾ ಮಾಷ್ಟ್ರೆ?”

“ವೇಷಕ್ಕಿಲ್ಲ. ಮೊಣಗಂಟಿಗೆ ಉಂಟು.”

ಇಷ್ಟು ಹೊತ್ತು ಪರಿಪ್ಪುವಡೆಯಲ್ಲಿ ಮುಳುಗಿದ್ದ ಜೀಪಣ್ಣ ಎದ್ದು ಬಂದದ್ದು ಫಾರ್ಮುಲಾ ಒನ್ ಓಡಿಸಿದ ನಮ್ಮ ದೇಶದವ ನಾರಾಯಣ್ ಕಾರ್ತಿಕೇಯನ್ ಹೆಸರು ಬಂದಾಗ. 2005ರಲ್ಲಿ ಇಂಡಿಯಾನಾಪೊಲಿಸಿನಲ್ಲಿ ನಾಲ್ಕನೇ ಸ್ಥಾನ, 5 ಪಾಯಿಂಟು. ಎಲ್ಲ ಸರಿ, ಓಡಿದ್ದು ಆರೇ ಕಾರು. ಮಿಷೆಲಿನ್ ಟಯರು ಆ ಟ್ರ್ಯಾಕಿನ ಓರೆ ತಿರುವಿನಲ್ಲಿ ತಡೆಯುವುದಿಲ್ಲವೆಂದು ಗೊತ್ತಾಗಿ, ಆ ಟಯರಿನ 14 ಕಾರುಗಳು ಒಂದು ಸುತ್ತು ಬಂದು ಪಿಟ್ಟಿಗೆ ನುಗ್ಗಿದ್ದವು.

“ಆರರಲ್ಲಿ ನಾಲ್ಕು,” ಇಚ್ಚ ನಕ್ಕರು. “ಹರತಾಳದ ದಿನ ಬದಿಯಡ್ಕದಿಂದ ಪೆರ್ಲಕ್ಕೆ ಎಲ್ಲರಿಗಿಂತ ಮುಂಚೆ ಮುಟ್ಟಿದೆ ಹೇಳಿದ ಹಾಗೆ.”

“ಹರತಾಳದ ದಿನ ರಸ್ತೆಗೆ ಇಳಿಯುವವನಿಗೇ ಧೈರ್ಯ ಬೇಕಾದ್ದು ಇಚ್ಚ!” ಜೀಪಣ್ಣ ಬಿಸಿಯಾದ. “ಉಳಿದವರು ಬಾರದ್ದು ನಾರಾಯಣನ ತಪ್ಪಾ? ಅವನ ಕಾರಿಗೆ ಬ್ರಿಜ್‌ಸ್ಟೋನು ಇತ್ತು, ಅವ ಓಡಿದ. ಜೋರ್ಡಾನ್ ಗಾಡಿ ಅದು. ನನ್ನ ಜೀಪಿಗಿಂತ ಸ್ವಲ್ಪ ವಾಸಿ. ಎರಡು ಮಿನಾರ್ಡಿ ಕಾರನ್ನು ಹಿಂದೆ ಹಾಕಿದ, ಬಾಕಿ ಎಂತ ಮಾಡ್ಬೇಕಿತ್ತು?”

ಇದು ಬರೀ ನಾರಾಯಣನ ಪರ ವಕಾಲತ್ತಲ್ಲ. ಜೀಪಣ್ಣ ಇಪ್ಪತ್ತೈದು ವರ್ಷದ ಸರ್ವಿಸಿನಲ್ಲಿ ಒಂದೇ ಒಂದು ಸಲ ತೋಡಿಗೆ ಇಳಿದವ. ಜನಕ್ಕೆ ಏನೂ ಆಗಿರಲಿಲ್ಲ, ಒಂದು ಬಾಳೆಗೊನೆ ಜಜ್ಜಿಹೋಯಿತು ಅಷ್ಟೆ. ಆದರೂ ಇವತ್ತಿಗೆ ಆ ಗಾಡಿ ತೋಡಿನ ಜೀಪು. ಮಾಲ್ಡೊನಾಡೊ ಎಂಬ ಡ್ರೈವರು 2012ರಲ್ಲಿ ಸ್ಪೇನಿನಲ್ಲಿ ಅಲೊನ್ಸೋನನ್ನೇ ಹಿಂದಿಟ್ಟು ವಿಲಿಯಮ್ಸಿಗೆ ರೇಸು ಗೆದ್ದುಕೊಟ್ಟ. ಹೆಸರು ಹೇಳಿದೊಡನೆ ಜನಕ್ಕೆ ನೆನಪಾಗುವುದು ಗುದ್ದಿದ್ದು ಮಾತ್ರ ಎಂದು ಜೀಪಣ್ಣ ಕಣ್ಣಲ್ಲಿ ನೀರು ತುಂಬಿಕೊಂಡು ಹೇಳುವಾಗ, ಯಾವ ತೋಡು ಹರಿಯುತ್ತಿದೆ ಎಂದು ನಮಗೆಲ್ಲ ಗೊತ್ತಿರುತ್ತದೆ.

ಸ್ಪಾ ಎಂದ ಮೇಲೆ ಫಿಸಿಕೆಲ್ಲಾನ ಪುರಾಣ ಬಾರದೆ ಇರುವುದುಂಟೇ? 2009. ಮಲ್ಯರ ಫೋರ್ಸ್ ಇಂಡಿಯಾ ಅಲ್ಲಿಯವರೆಗೆ ಒಂದು ಪಾಯಿಂಟಿನ ಮುಖ ಕಂಡಿರಲಿಲ್ಲ. ಸ್ಪಾದಲ್ಲಿ ಫಿಸಿಕೆಲ್ಲಾ ಎಲ್ಲರಿಗಿಂತ ಮುಂದೆ ನಿಲ್ಲುವ ಪೋಲ್ ಹೊಡೆದ, ರೇಸಿನಲ್ಲಿ ಫೆರಾರಿಯ ರೈಕೊನೆನ್‌ನ ಬಾಲ ಹಿಡಿದೇ ಎರಡನೆಯವನಾದ. ನಾಲ್ಕು ದಿನ ಕಳೆಯುವುದರೊಳಗೆ ಫೆರಾರಿ ಕರೆಯಿತು. ಇಟಲಿಯವ, ಚಿಕ್ಕಂದಿನ ಕನಸು, ಹೋದ. ಐದು ರೇಸು ಓಡಿದ, ಸಿಕ್ಕಿದ ಪಾಯಿಂಟು ಸೊನ್ನೆ.

“ನಮ್ಮ ಮೇಳದಲ್ಲಿ ಕಿರೀಟವೇಷ ಮಾಡುತ್ತಿದ್ದವನನ್ನು ದೊಡ್ಡ ಮೇಳದವರು ಕರೆದು ದೀವಟಿಗೆ ಹಿಡಿಸಿದರು,” ಮಾಷ್ಟ್ರು ತೀರ್ಪು ಕೊಟ್ಟರು.

“ಅವನಿಗಿಂತ ಮುಂಚೆ ಆ ಸೀಟಿನಲ್ಲಿ ಇದ್ದವನದ್ದು ಕೇಳಿ,” ಜೀಪಣ್ಣ ಹೊಟ್ಟೆ ಹಿಡಿದುಕೊಂಡ. “ಬಡೋಯರ್! ವೆಲೆನ್ಸಿಯಾದಲ್ಲೂ ಲಾಸ್ಟು, ಸ್ಪಾದಲ್ಲೂ ಲಾಸ್ಟು. ಶುಕ್ರವಾರದ ಪ್ರಾಕ್ಟೀಸಿನಲ್ಲಿ ಪಿಟ್ಟಿನೊಳಗೆ ಓವರ್‌ಸ್ಪೀಡಿಗೆ ನಾಲ್ಕು ಸಲ ಫೈನು. ಟ್ರ್ಯಾಕಿನಲ್ಲಿ ನಿಧಾನ, ನಿಧಾನ ಹೋಗಬೇಕಾದಲ್ಲಿ ಜೋರು!”

ಎಲ್ಲರೂ ನಕ್ಕೆವು. ನಾನೂ. ನಗದೆ ಇದ್ದದ್ದು ಇಚ್ಚ ಒಬ್ಬರು.

“ನಗಿ. ಆದರೆ ಅವ ಕೊನೆಗೆ ರೇಸು ಓಡಿದ್ದು ಯಾವಾಗ ಗೊತ್ತುಂಟಾ? 1999ರಲ್ಲಿ. ಮಧ್ಯೆ ಹತ್ತು ವರ್ಷ ಫೆರಾರಿಗೆ ಟೆಸ್ಟು ಓಡಿಸಿದ್ದು. ಖಾಲಿ ಟ್ರ್ಯಾಕಿನಲ್ಲಿ, ಜನ ಇಲ್ಲ, ಕಪ್ಪು ಇಲ್ಲ, ದಿನಕ್ಕೆ ನೂರು ಸುತ್ತು. ಈ ಟಯರು ಆಗುದಿಲ್ಲ, ಆ ಬ್ರೇಕು ಸಾಲದು. ಶೂಮಾಕರ್ 2000ದಿಂದ 2004ರವರೆಗೆ ಐದು ವರ್ಷ ಚಾಂಪಿಯನ್ ಆದನಲ್ಲ, ಆ ಕಾರನ್ನು ತಿದ್ದಿ ತೀಡಿದವರಲ್ಲಿ ಇವ ಒಬ್ಬ. 2009ರಲ್ಲಿ ಫೆರಾರಿಯ ಮಾಸಾನ ಹೆಲ್ಮೆಟ್ಟಿಗೆ ಬರಿಕೆಲ್ಲೋನ ಕಾರಿನಿಂದ ಕಳಚಿದ ಸ್ಪ್ರಿಂಗು ಬಡಿದು ಅವ ಆಸ್ಪತ್ರೆಗೆ. ಶೂಮಾಕರಿಗೆ ಕುತ್ತಿಗೆ ನೋವು, ಓಡ್ಲಿಕ್ಕೆ ಆಗುದಿಲ್ಲ ಅಂದ. ಆಗ ಇವನನ್ನು ಕೂರಿಸಿದ್ದು. ಅದೂ ಸೀಸನ್ ನಡುವೆ ಟೆಸ್ಟು ಮಾಡಬಾರದು ಹೇಳುವ ರೂಲು ಬಂದ ವರ್ಷ. ಆ ಕಾರಿನ ಅಂದಾಜೇ ಇಲ್ಲ ಅವನಿಗೆ.”

“1999ರಲ್ಲಿ ಎಂತ ಮಾಡಿದ್ದ?” ಮಾಷ್ಟ್ರು ಕೇಳಿದರು.

“ನುರ್ಬುರ್ಗ್‌ರಿಂಗಿನಲ್ಲಿ, ಮಿನಾರ್ಡಿಯಲ್ಲಿ, ನಾಲ್ಕನೆಯವನಾಗಿ ಹೋಗ್ತಾ ಇದ್ದ. ಜೀವನದಲ್ಲಿ ಒಂದು ಪಾಯಿಂಟು ಕಂಡವನಲ್ಲ. ಮುಗೀಲಿಕ್ಕೆ ಹದಿಮೂರು ಸುತ್ತು ಇರುವಾಗ ಗೇರ್‌ಬಾಕ್ಸು ಹೋಯಿತು. ಕಾರಿನ ಪಕ್ಕ ಕುಕ್ಕರಿಸಿ ಅತ್ತ.”

ಮಾಷ್ಟ್ರು ಚಾಯದ ಗ್ಲಾಸನ್ನು ತಿರುಗಿಸುತ್ತಾ ಕೂತರು. “ಚೌಕಿಯಲ್ಲಿ ಎಲ್ಲರ ಸೊಂಟಕ್ಕೆ ಬಿಗಿದು ಕಟ್ಟುವವ ಒಬ್ಬ ಇರ್ತಾನೆ. ಇಡೀ ಪ್ರಸಂಗ ಬಾಯಿಗೆ ಬರ್ತದೆ. ಒಂದು ದಿನ ಮುಖ್ಯ ವೇಷಧಾರಿಗೆ ಜ್ವರ ಬಂದು ಇವನಿಗೆ ಕಿರೀಟ ಇಟ್ಟು ರಂಗಸ್ಥಳಕ್ಕೆ ನೂಕ್ತಾರೆ. ಮೈಕದ ಎದುರು ಸ್ವರ ಬರುದಿಲ್ಲ. ಮರುದಿನ ಪೇಟೆಯಲ್ಲಿ ಜನ ಆಡಿಕೊಳ್ಳುದು ಆ ಒಂದು ರಾತ್ರಿಯದ್ದನ್ನೇ.”

“ನಾನು ನಗ್ಬಾರದಿತ್ತು,” ಅಂದ ಜೀಪಣ್ಣ. ಎರಡು ಸೆಕೆಂಡು ಬಿಟ್ಟು, “ಆದ್ರೂ ನಾಲ್ಕು ಸಲ ಫೈನು!” ಎಂದು ಮತ್ತೆ ನಕ್ಕ.

ಅಷ್ಟರಲ್ಲಿ ಕೊಡೆ ಮಡಚುತ್ತಾ ಒಳಗೆ ಬಂದದ್ದು ಭಾವನ ಮದ್ದು ಬಿಡುವವ. ಬೆಂಚು ಮೌನ. ಬೆಳಗ್ಗೆಯಷ್ಟೇ ಅವನನ್ನು ‘ಕೈಕೊಟ್ಟವ’ ಎಂದಿದ್ದ ಭಾವ ಈಗ ಅರ್ಧ ಎದ್ದು ಜಾಗ ಮಾಡಿದರು. “ಬಾ, ಬಾ. ಇವನಿಗೆ ಒಂದು ಚಾಯ, ಪಳಂಪೊರಿ ಕೊಡಿ.”

“ನ್ಯೂವಿ ಬಂದ,” ಇಚ್ಚ ನನ್ನ ಕಿವಿಯಲ್ಲಿ.

ಅವ ನಿಧಾನಕ್ಕೆ ತಿಂದ, ನಿಧಾನಕ್ಕೆ ಹೇಳಿದ. “ಆಚೆ ತೋಟದ್ದು ನಾಡಿದ್ದು ಮುಗೀತದೆ ಅಣ್ಣೇರೆ. ಆದರೆ ಅಲ್ಲಿಂದ ಇಳಿದು ಕೂಡ್ಲೇ ನಿಮ್ಮಲ್ಲಿಗೆ ಬಂದ್ರೆ ಅವರಿಗೆ ಬೇಜಾರಾಗ್ತದೆ, ಒಂದೇ ಬೇಲಿ ಅಲ್ವಾ. ನಾಲ್ಕು ದಿನ ಮನೆಯಲ್ಲಿ ಕೂತು ಬರ್ತೇನೆ. ಆ ನಾಲ್ಕು ದಿನದ್ದು ಸಂಬಳ ಸ್ವಲ್ಪ ನೋಡ್ಬೇಕು.”

ಜೀಪಣ್ಣನ ಗಂಟಲಿಗೆ ವಡೆ ಸಿಕ್ಕಿಕೊಂಡಿತು. ಭಾವ ಮಾತ್ರ ಕಾನೂನು ಕೇಳುವ ಗತ್ತಿನಲ್ಲಿ ಇಚ್ಚನ ಕಡೆ ತಿರುಗಿದರು. “ಈ ತೋಟದ ರಜೆಯ ಸಂಬಳ ಕೊಡುದು ಹೊಸ ಟೀಮಾ, ಹಳೆ ಟೀಮಾ?”

“ಹಳೆ ಟೀಮು ಭಾವ.”

“ಕೇಳಿತಲ್ಲ?” ಭಾವನ ಮುಖ ಅರಳಿತು. “ಹಳೆಯವರು ಕೊಡುದಂತೆ. ಲೋಕದಲ್ಲೇ ಹಾಗೆ. ಆಚೆಯವರಲ್ಲಿ ಕೇಳು.”

ಮೊಬೈಲಿನಲ್ಲಿ ಎಂಬತ್ತು ನಿಮಿಷ ಕಾದ ಮೇಲೆ ಸೇಫ್ಟಿ ಕಾರಿನ ಹಿಂದೆ ಒಂದೊಂದಾಗಿ ಕಾರುಗಳು ಹೊರಟವು. ಯಾರೂ ನೋಡಲಿಲ್ಲ. ಅವ ಕೈ ಒರೆಸಿಕೊಂಡು ಯೋಚಿಸುತ್ತಿದ್ದ.

“ನಾನು ಮೊದಲು ಬಿಟ್ಟದ್ದು ನಿಮ್ಮ ತೋಟವನ್ನಲ್ವಾ ಅಣ್ಣೇರೆ? ಆಗಲೂ ನಾಲ್ಕು ದಿನ ಕೂತೇ ಆಚೆ ಹೋದದ್ದು. ಅದರದ್ದು ಇನ್ನೂ ಬಾಕಿ ಉಂಟು.”