ಹೆಮಟೈಟ್ ರತ್ನವಂತೆ!

"ಇದು ರತ್ನ? ಈ ಕಬ್ಬಿಣದ ಅದಿರು?" ಪಾಟೀಲರು ಚಹಾ ಕುಡಿಯೋದನ್ನೇ ಬಿಟ್ಟರು.

"ಹೌದು ಅಂಕಲ್. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ರತ್ನಗಳ ಪಟ್ಟಿಯಲ್ಲೇ ಇದೆ. ಹೆಮಟೈಟ್, ಬೂದುಗಪ್ಪು ಬಣ್ಣ, ಒಂದಕ್ಕೆ 10 ಚಿನ್ನದ ನಾಣ್ಯ," ಅಂದ ಪುಟ್ಟ.

"ನಾಣ್ಯದ ತೂಕ?"

"50 ನಾಣ್ಯಕ್ಕೆ ಒಂದು ಪೌಂಡ್."

ಜೋಶಿಯವರಿಗೆ ಲೆಕ್ಕ ಅಂದರೆ ಪ್ರಾಣ. "ಅಂದ್ರೆ ಹತ್ತಕ್ಕೆ 90 ಗ್ರಾಂ. ಏಳು ತೊಲೆಗೂ ಜಾಸ್ತಿ ಕಣ್ರೀ!"

"ಮಗಳ ಮದುವೆಗೂ ಅಷ್ಟು ಹಾಕಲಿಲ್ಲ," ಅಂದರು ಪಾಟೀಲರು. "ಇಲ್ಲೇ ಗೋವಾದ ಸಾವರ್ಡೆಯ ಧಕ್ಕೆಗೆ ಟಿಪ್ಪರ್‌ಗಟ್ಟಲೆ ಇದನ್ನೇ ಸುರಿದು ಬಂದೆ. ಅಲ್ಲಿಂದ ಬಾರ್ಜ್ ಹತ್ತಿ ಮುರಗಾಂವ್ ಬಂದರಿಗೆ ಹೋಗ್ತಿತ್ತು. ಒಂದು ಕಲ್ಲನ್ನಾದ್ರೂ ಜೇಬಿಗೆ ಹಾಕ್ಕೋಬೇಕು ಅನ್ನಿಸಲಿಲ್ಲ ನೋಡಿ."

"ಹಾಕ್ಕೊಂಡಿಲ್ವಾ?" ಒಳಗಿಂದ ಪಾಟೀಲರ ಹೆಂಡತಿ. "ನಿಮ್ಮ ಅಂಗಿ ಒಗೆದವಳು ನಾನು. ಕಲ್ಲು ಕಪ್ಪು, ನೀರು ಕೆಂಪು. ಮಂತ್ರ ಅಂದ್ರೆ ಅದು."

ಪಾಟೀಲರು ಕಿಟಕಿ ಮೇಲಿದ್ದ ತುಂಡು ತಂದು, ಒಡೆದ ಟೈಲ್ಸಿನ ಹಿಂಭಾಗಕ್ಕೆ ಉಜ್ಜಿದರು. ಕಪ್ಪು ಕಲ್ಲು ಇಟ್ಟಿಗೆ ಬಣ್ಣದ ಗೆರೆ ಎಳೆಯಿತು. ಪುಟ್ಟ ಬಾಯಿ ಬಿಟ್ಟ. ಅವನ ಆಟದ ಪಟ್ಟಿಯಲ್ಲಿ ಇದಿರಲಿಲ್ಲ.

"ಶುದ್ಧವಾದದ್ದರಲ್ಲಿ ನೂರಕ್ಕೆ 70 ಪಾಲು ಕಬ್ಬಿಣ. ನಮ್ಮ ಸಂಡೂರಿನ ಗುಡ್ಡಗಳೂ ಇದೇ. ಅಲ್ಲಿಂದ ರೈಲು ತುಂಬಿ ಇಲ್ಲಿಗೇ ಬರ್ತಿತ್ತು. ಅದಿರು ಮುಂದೆ, ನಾವು ಹಿಂದೆ."

"ಆಟದಲ್ಲಿ ನಿಧಿ ಮೇಲೆ ಡ್ರ್ಯಾಗನ್ ಕೂತು ಕಾಯುತ್ತೆ ಅಂಕಲ್."

"ಇಲ್ಲಿ ಕಾಯೋರು ಯಾರೂ ಇರಲಿಲ್ಲ. ಅದಕ್ಕೇ ಅಲ್ವಾ 2012ರಲ್ಲಿ ಗೋವಾದ ಗಣಿಗಾರಿಕೆ ನಿಲ್ಲಿಸಿ ಸುಪ್ರೀಂ ಕೋರ್ಟೇ ಬಂದು ಕೂತಿದ್ದು? 2018ರಲ್ಲಿ 88 ಗಣಿ ಗುತ್ತಿಗೆ ರದ್ದು."

"ಗುಡ್ಡ ಉಳೀತಲ್ಲ, ಒಳ್ಳೇದೇ ಆಯ್ತು," ಜೋಶಿ.

"ಒಳ್ಳೇದೇ. ಟಿಪ್ಪರ್‌ನ ಸಾಲ ಮಾತ್ರ ನನ್ನ ಹೆಸರಲ್ಲೇ ಉಳೀತು. ಗಾಡಿ ಅಂಗಳದಲ್ಲಿ ನಿಂತೇ ತುಕ್ಕು ಹಿಡೀತು. ಕೊನೆಗೆ ಗುಜರಿಯವನು ಬಂದು ತೂಕ ಹಾಕಿದ." ಪಾಟೀಲರು ಸ್ವಲ್ಪ ಹೊತ್ತು ಟೈಲ್ಸನ್ನೇ ಒರೆಸುತ್ತಿದ್ದರು. ಕೆಂಪು ಹೋಗಲಿಲ್ಲ.

ಜೋಶಿ ಮಾತು ತಿರುಗಿಸಲು ಮೊಬೈಲಿನ ಸಿಲಿಕೋನ್ ಕವರಿಗೆ, ಮೊಮ್ಮಗನ ಟ್ಯೂಷನ್ನಿಗೆ, ಬಂಗಡೆ ಮೀನಿನ ರೇಟಿಗೆ ಹೋಗಿಬಂದರು. ಯಾವುದೂ ಹತ್ತಲಿಲ್ಲ.

"ಅಲ್ಲಾ ಪುಟ್ಟ," ಪಾಟೀಲರೇ ಕೇಳಿದರು, "ನಿನ್ನ ಆಟದಲ್ಲಿ ಡ್ರೈವರ್ ಪಾತ್ರ ಇದೆಯಾ?"

"ಇಲ್ಲ ಅಂಕಲ್. ಯೋಧ, ಮಾಂತ್ರಿಕ, ಕಳ್ಳ..."

"ಕಳ್ಳ ಇದ್ದಾನಾ? ಹಾಗಾದ್ರೆ ಗಣಿ ಸರಿಯಾಗೇ ನಡೆಯುತ್ತೆ. ದಾಳ ಹಾಕು."